ಸೆಟಲ್‌ಮೆಂಟ್ ಮಾಡಿಕೊಂಡ ಬ್ಯಾಂಕಿನಿಂದಲೇ ಮತ್ತೆ ಕ್ರೆಡಿಟ್ ಕಾರ್ಡ್ ಪಡೆಯುವುದು ಹೇಗೆ?

ಶಿಡ್ಲಘಟ್ಟದ ರೀಲರ್ ಒಬ್ಬರು, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಸುವವರು, ಚಿಕ್ಕಬಳ್ಳಾಪುರದಲ್ಲಿರುವ ನನ್ನ ಆಫೀಸಿಗೆ ತಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿ ಹಿಡಿದುಕೊಂಡು ಬಂದಿದ್ದರು. ಸೈಬರ್ ಸೆಂಟರಿನಲ್ಲಿ ತೆಗೆಸಿದ ಕಲರ್ ಪ್ರಿಂಟು. ಗಡಿಯಾರದ ಮುಳ್ಳಿನಂಥ ಚಿತ್ರದಲ್ಲಿ ಸ್ಕೋರ್ 728 ಎಂದು ತೋರಿಸುತ್ತಿದ್ದ ಮೊದಲ ಪುಟ ಮಾತ್ರ ಮಡಿಚಿ ಮಡಿಚಿ ಸವೆದಿತ್ತು, ಉಳಿದ ಪುಟಗಳು ಹೊಚ್ಚ ಹೊಸದಾಗಿದ್ದವು. "ಏಳ್ನೂರು ದಾಟೈತೆ ಸಾರ್. ಬೇರೆ ಬ್ಯಾಂಕ್ನೋರು ಕರೆದು ಕಾರ್ಡ್ ಕೊಟ್ರು. ಹತ್ತು ವರ್ಷ ವ್ಯವಹಾರ ಮಾಡಿದ ನಮ್ಮ ಬ್ಯಾಂಕೇ ಕೊಡಲ್ಲ ಅಂತೈತೆ. ಇವರಿಗೇನು ಬಂತು?"

ಅವರ ಪ್ರಶ್ನೆಗೆ ಉತ್ತರ ಆ ಸವೆಯದ ಪುಟಗಳಲ್ಲಿತ್ತು. ಮೂರನೇ ಪುಟದಲ್ಲಿ ಅದೇ ಹಳೇ ಬ್ಯಾಂಕಿನ ಕಾರ್ಡ್ ಖಾತೆಯ ಮುಂದೆ "ರೈಟ್-ಆಫ್ ನಂತರ ಸೆಟಲ್ಡ್" ಎಂದು ಬರೆದಿತ್ತು, ಅಂದರೆ ಪೂರ್ತಿ ಬಾಕಿ ಕಟ್ಟದೆ ಕಡಿಮೆಗೆ ರಾಜಿಯಾಗಿತ್ತು. ಬೇರೆ ಬ್ಯಾಂಕಿಗೆ ಅದು ಯಾರದೋ ಮನೆಯ ಹಳೇ ಜಗಳ. ಈ ಬ್ಯಾಂಕಿಗೆ ಅದು ತನ್ನದೇ ಕೈಬಿಟ್ಟ ದುಡ್ಡು.

ಇಲ್ಲಿಂದಲೇ ಶುರು ಮಾಡೋಣ. ಸಾಲಗಾರನ ಲೆಕ್ಕ ಎರಡು ಕಡೆ ಇರುತ್ತದೆ. ಸಿಬಿಲ್‌ನಂಥ ಕಂಪನಿಗಳ ವರದಿ ಒಂದು, ಬ್ಯಾಂಕಿನ ಒಳಗಿನ ಕಡತ ಇನ್ನೊಂದು. ಮೊದಲನೆಯದು ಕಾಲ ಕಳೆದಂತೆ ತಿಳಿಯಾಗುತ್ತದೆ. ಎರಡನೆಯದು ತಾನಾಗಿ ತಿಳಿಯಾಗುವುದಿಲ್ಲ, ನಾವೇ ಹೋಗಿ ತಿಳಿಯಾಗಿಸಬೇಕು. ನಮ್ಮ ಕಡೆಯವರು ಸ್ಕೋರ್ ಏರಿಸುವುದರಲ್ಲೇ ಎರಡು ಮೂರು ವರ್ಷ ಕಳೆದು, ಕಡತದ ಕಡೆ ತಿರುಗಿಯೂ ನೋಡದೆ, ಅರ್ಜಿಯ ಮೇಲೆ ಅರ್ಜಿ ಹಾಕುತ್ತಾರೆ.

ಮೊದಲು ಒಂದು ಮಾತು ಕೇಳಿಕೊಳ್ಳಿ. ಅದೇ ಬ್ಯಾಂಕಿನ ಕಾರ್ಡ್ ಯಾಕೆ ಬೇಕು? ಛಲಕ್ಕಾದರೆ ಬೇಡ, ಬಿಟ್ಟುಬಿಡಿ. ಸಂಬಳ ಅಲ್ಲೇ ಬೀಳುತ್ತಿದೆ, ಮುಂದೆ ಮನೆ ಸಾಲ ಅಲ್ಲೇ ಕೇಳಬೇಕು, ಊರಲ್ಲಿರುವುದು ಅದೊಂದೇ ಶಾಖೆ ಎನ್ನುವುದಾದರೆ ಮುಂದೆ ಓದಿ.

ಸ್ಕೋರ್ ಬಿಡಿ, ಖಾತೆಗಳನ್ನು ಓದಿ

ದೇಶದಲ್ಲಿ ಸಾಲದ ಮಾಹಿತಿ ಇಟ್ಟುಕೊಳ್ಳುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. 2017ರಿಂದಲೂ ಈ ನಿಯಮ ಇದೆ. ಅವರವರ ವೆಬ್‌ಸೈಟಿನಲ್ಲೇ ಪ್ಯಾನ್ ಮತ್ತು ಮೊಬೈಲ್ ನಂಬರ್ ಕೊಟ್ಟು ತೆಗೆಯಿರಿ. ನಾಲ್ಕನ್ನೂ ತೆಗೆಯಿರಿ, ಯಾಕೆಂದರೆ ಒಂದರಲ್ಲಿ ಸರಿಯಾಗಿರುವುದು ಇನ್ನೊಂದರಲ್ಲಿ ತಪ್ಪಾಗಿರುತ್ತದೆ. ಮನೆಯ ಹೆಂಗಸರ ಹೆಸರಿನಲ್ಲಿ ವಾರದ ಕಂತಿನ ಸಂಘದ ಸಾಲ ಇದ್ದರೆ ಅವರ ವರದಿಯಲ್ಲಿ ಅದೂ ಬರುತ್ತದೆ. ಇನ್ನೊಬ್ಬರ ಸಾಲಕ್ಕೆ ನೀವು ಜಾಮೀನು ನಿಂತಿದ್ದರೆ ಅದು ನಿಮ್ಮ ವರದಿಗೂ ಬರುತ್ತದೆ.

ಓದುವಾಗ ನೋಡಬೇಕಾದದ್ದು ಖಾತೆಯ ಸ್ಥಿತಿ. "ಕ್ಲೋಸ್ಡ್" ಎಂದಿದ್ದರೆ ಪೂರ್ತಿ ಕಟ್ಟಿದ್ದೀರಿ. "ಸೆಟಲ್ಡ್" ಎಂದಿದ್ದರೆ ಕಡಿಮೆಗೆ ರಾಜಿಯಾಗಿದೆ. "ರಿಟನ್ ಆಫ್" ಎಂಬುದರ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ರೈಟ್-ಆಫ್ ಎಂದರೆ ಮನ್ನಾ ಎಂದುಕೊಂಡು ಸಿಹಿ ಹಂಚಿದವರನ್ನೂ ನೋಡಿದ್ದೇನೆ. ಬ್ಯಾಂಕು ಆ ಸಾಲವನ್ನು ತನ್ನ ಆಸ್ತಿಯ ಪಟ್ಟಿಯಿಂದ ತೆಗೆದಿದೆ, ವಸೂಲಿಯ ಹಕ್ಕನ್ನು ಬಿಟ್ಟಿಲ್ಲ, ಅಷ್ಟೇ. ಅದರ ಕೆಳಗೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಕಳೆದ 36 ತಿಂಗಳ ಕಂತು ಎಷ್ಟೆಷ್ಟು ದಿನ ತಡವಾಗಿದೆ ಎಂಬ ಅಂಕಿಗಳಿರುತ್ತವೆ. 90 ದಿನ ದಾಟಿದ ಮೇಲೆ ಬ್ಯಾಂಕಿನ ಲೆಕ್ಕದಲ್ಲಿ ನಿಮ್ಮ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ.

ತಪ್ಪುಗಳೂ ಇರುತ್ತವೆ. ನಮ್ಮ ಜಿಲ್ಲೆಗಳಲ್ಲಿ ಊರಿಗೆ ನಾಲ್ಕು ಜನ ನಾರಾಯಣಸ್ವಾಮಿ, ಐದು ಜನ ಮುನಿಯಪ್ಪ. ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆದಿದ್ದರೆ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರಿಕೊಳ್ಳುತ್ತದೆ. ಈ ರೀಲರ್ ವರದಿಯಲ್ಲೂ ಅವರು ಕಣ್ಣಿಂದ ನೋಡದ ಒಂದು ಟ್ರ್ಯಾಕ್ಟರ್ ಸಾಲ ಇತ್ತು! ವೆಬ್‌ಸೈಟಿನಲ್ಲೇ ದೂರು ಹಾಕಬಹುದು. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಬಸ್ ಸ್ಟ್ಯಾಂಡ್ ಕಂಬಗಳ ಮೇಲೆ "ಸಿಬಿಲ್ ಸರಿ ಮಾಡಿಕೊಡುತ್ತೇವೆ" ಎಂದು ಚೀಟಿ ಅಂಟಿಸುವವರ ಹತ್ತಿರ ಹೋಗಬೇಡಿ. ಬ್ಯಾಂಕು ಒಪ್ಪದೆ ಸಿಬಿಲ್ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ. ಬ್ಯಾಂಕಿಗೆ ಅವರು ಬರೆಯುವ ಕಾಗದವನ್ನು ನೀವೇ ಬರೆಯಬಹುದು.

ಬಿಟ್ಟುಕೊಟ್ಟ ದುಡ್ಡಿನ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರೀಲರ್ ಕಾರ್ಡಿನ ಮಿತಿ 1,20,000 ರೂ. ಗೂಡಿನ ಮಾರ್ಕೆಟ್ಟಿನಲ್ಲಿ ಲಾಟು ಎತ್ತಬೇಕೆಂದರೆ ದುಡ್ಡು ಅವತ್ತೇ ಬೇಕು. ನೂಲು ಮಾರಿದ ದುಡ್ಡು ಬರುವುದು ಮಾತ್ರ ಯಾವಾಗಲೋ. ಹಾಗಾಗಿ ಪರಿಚಯದ ಅಂಗಡಿಯಲ್ಲಿ ಕಾರ್ಡ್ ಉಜ್ಜಿ, ಕಮಿಷನ್ ಕೊಟ್ಟು ಕ್ಯಾಶ್ ಎತ್ತುವುದು ಅವರಿಗೆ ಅಭ್ಯಾಸವಾಗಿತ್ತು. 2020ರ ಲಾಕ್‌ಡೌನ್ ಬಂತು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕೊಟ್ಟಿತು. ಇವರು ಅದನ್ನು ಬಡ್ಡಿ ಇಲ್ಲದ ಬಿಡುವು ಎಂದುಕೊಂಡರು. ಬಡ್ಡಿ ಓಡುತ್ತಲೇ ಇತ್ತು.

ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಸೇರಿ ತಿಂಗಳಿಗೆ ಶೇ. 4.13. ಬಡ್ಡಿಗೆ ಬಡ್ಡಿ ಸೇರುತ್ತಾ 14 ತಿಂಗಳಿಗೆ 1,20,000 ರೂ. ಹೋಗಿ 2,11,000 ಆಯಿತು. ತಡಪಾವತಿಯ ದಂಡ ಇದರಲ್ಲಿ ಸೇರಿಲ್ಲ. ಕೊನೆಗೆ 2023ರಲ್ಲಿ 90,000 ರೂ.ಗೆ ಸೆಟಲ್‌ಮೆಂಟ್ ಆಯಿತು. ಬ್ಯಾಂಕಿನ ಕಡತದಲ್ಲಿ ಉಳಿದದ್ದು: ನಷ್ಟ 1,21,000 ರೂ.

"ಒಂದು ಲಕ್ಷ ಇಪ್ಪತ್ತೊಂದು ಸಾವಿರ ಕಟ್ಟಿದ್ರೆ ಮಾತ್ರ ಅಂತಾರೆ ಸಾರ್, ಎಲ್ಲಿಂದ ತರ್ಲಿ?"

"ಅಣ್ಣಾ, ಅಷ್ಟೂ ಅಸಲಲ್ಲ. ಅಸಲು ಎಷ್ಟು ಬಿಟ್ಟಿದಾರೆ, ಅದನ್ನ ಕೇಳಿ."

ಲೆಕ್ಕ ಸರಳ. ಅಸಲು 1,20,000, ಕಟ್ಟಿದ್ದು 90,000. ಆ ದುಡ್ಡನ್ನೆಲ್ಲ ಅಸಲಿಗೆ ಹಿಡಿದರೆ ಬಾಕಿ ಇರುವುದು 30,000 ಮಾತ್ರ. ಉಳಿದ 91,000 ಬಡ್ಡಿ ಮತ್ತು ತೆರಿಗೆ. ಬ್ಯಾಂಕು ಈ ಲೆಕ್ಕಕ್ಕೆ ಒಪ್ಪಲೇಬೇಕು ಎಂಬ ಕಾನೂನೇನೂ ಇಲ್ಲ. ಆದರೆ ಮಾತು 1,21,000ದಿಂದ ಶುರುವಾಗುವುದಕ್ಕೂ 30,000ದಿಂದ ಶುರುವಾಗುವುದಕ್ಕೂ ಅಜಗಜಾಂತರ. ಕೌಂಟರಿನಲ್ಲಿ ಬಾಯಿ ಮಾತಿಗೆ ಹೋಗದೆ, ಬ್ಯಾಂಕಿನ ದೂರು ವಿಭಾಗಕ್ಕೂ ನೋಡಲ್ ಅಧಿಕಾರಿಗೂ ಇಮೇಲ್ ಕಳಿಸಿ. ನಾನು ಅವರಿಗೆ ಬರೆದುಕೊಟ್ಟದ್ದು ಇಷ್ಟೇ:

"ನನ್ನ ಕಾರ್ಡ್ ಖಾತೆ (ಕೊನೆಯ ನಾಲ್ಕು ಅಂಕಿ ಇಂಥದ್ದು) 2023ರಲ್ಲಿ 90,000 ರೂ.ಗೆ ಸೆಟಲ್ ಆಗಿದೆ. ಆಗ ಬಿಟ್ಟುಕೊಟ್ಟ ಮೊತ್ತದಲ್ಲಿ ಅಸಲು, ಬಡ್ಡಿ, ದಂಡ, ಜಿಎಸ್‌ಟಿ ಎಷ್ಟೆಷ್ಟು ಎಂದು ಬಿಡಿಸಿ ತಿಳಿಸಿ. ಅಸಲಿನ ಬಾಕಿ ಕಟ್ಟಲು ಸಿದ್ಧನಿದ್ದೇನೆ. ಕಟ್ಟಿದ ಮೇಲೆ ಖಾತೆಯನ್ನು 'ಕ್ಲೋಸ್ಡ್' ಎಂದು ನಾಲ್ಕೂ ಕಂಪನಿಗಳಿಗೆ ವರದಿ ಮಾಡುತ್ತೀರಾ, ಅದಕ್ಕೆ ಎಷ್ಟು ಮೊತ್ತವನ್ನು ಯಾವ ಖಾತೆಗೆ ಕಟ್ಟಬೇಕು ಎಂಬುದನ್ನು ಬರಹದಲ್ಲಿ ಕೊಡಿ."

ಮೊದಲ ಮೇಲ್‌ಗೆ ಅಚ್ಚು ಹಾಕಿದಂಥ ಉತ್ತರ ಬಂತು. ಎರಡನೆಯದಕ್ಕೆ ಏನೂ ಬರಲಿಲ್ಲ. ಮೂರನೆಯದಕ್ಕೆ ಫೋನ್ ಬಂತು, ಚೌಕಾಸಿ ನಡೆದು 45,000ಕ್ಕೆ ನಿಂತಿತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ಪೂರ್ತಿ ಕೊಟ್ಟರೇ ಸರಿ ಎನ್ನುವ ಬ್ಯಾಂಕುಗಳೂ ಇವೆ. ಆಗ ಆ ದುಡ್ಡು ಆ ಕಾರ್ಡಿಗೆ ತಕ್ಕುದೇ ಎಂದು ನೀವೇ ತೂಗಿ ನೋಡಬೇಕು. ನನ್ನನ್ನು ಕೇಳಿದರೆ, ಮುಂದೆ ದೊಡ್ಡ ಸಾಲ ಬೇಕಿಲ್ಲದವರಿಗೆ ತಕ್ಕುದಲ್ಲ.

ಕೆಲವರ ಬಾಕಿಯನ್ನು ಬ್ಯಾಂಕು ಆಸ್ತಿ ಪುನರ್‌ರಚನಾ ಕಂಪನಿಗೆ, ಅಂದರೆ ಎಆರ್‌ಸಿಗೆ, ಮಾರಿಬಿಟ್ಟಿರುತ್ತದೆ. ಹಾಗಿದ್ದರೆ ಕಟ್ಟಬೇಕಾದದ್ದು ಅವರಿಗೆ, ಎನ್‌ಒಸಿ, ಅಂದರೆ ಬಾಕಿ ಇಲ್ಲ ಎಂಬ ಪತ್ರ, ಕೊಡಬೇಕಾದವರೂ ಅವರೇ. ಬ್ಯಾಂಕಿಗೆ ಅದರ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ದುಡ್ಡು ಕಟ್ಟುವಾಗ

ಕಾಗದ ಕೈಗೆ ಬಂದ ಮೇಲೆ ದುಡ್ಡು. ವಸೂಲಿ ಏಜೆಂಟನ ಫೋನ್‌ಪೇ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬ್ಯಾಂಕಿನ ಪತ್ರದಲ್ಲಿರುವ ಖಾತೆಗೆ ನೆಫ್ಟ್ ಮಾಡಿ, ಆ ಪಾವತಿಯ ಗುರುತಾದ ಯುಟಿಆರ್ ನಂಬರ್ ಬರೆದಿಟ್ಟುಕೊಳ್ಳಿ. ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆಂದು ಫೋನ್ ಮಾಡುವಂತಿಲ್ಲ, ಅದೂ ಗೊತ್ತಿರಲಿ.

ಕಟ್ಟಿದ ಮೇಲೆ "ಬಾಕಿ ಏನೂ ಇಲ್ಲ" ಎಂಬ ಪತ್ರ (ಎನ್‌ಒಸಿ) ಪಡೆಯಿರಿ. ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮ 2025ರ ಜನವರಿಯಿಂದ ಬಂದಿದೆ. ಹಾಗಾಗಿ ತಿಂಗಳು, ಒಂದೂವರೆ ತಿಂಗಳು ಬಿಟ್ಟು ವರದಿ ಮತ್ತೆ ತೆಗೆಯಿರಿ. ಬದಲಾಗಿರದಿದ್ದರೆ ಬ್ಯಾಂಕಿಗೆ ದೂರು ಕೊಡಿ. 30 ದಿನ ಕಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ರಿಸರ್ವ್ ಬ್ಯಾಂಕಿನ ದೂರಿನ ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಸಹಾಯವಾಣಿ 14448, ಖರ್ಚಿಲ್ಲ, ವಕೀಲರೂ ಬೇಡ. ಕ್ರೆಡಿಟ್ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಈ ಯೋಜನೆಯ ಕೆಳಗೆ ಬರುತ್ತವೆ.

"ಕ್ಲೋಸ್ಡ್" ಆದ ಮಾತ್ರಕ್ಕೆ ಹಳೇ ತಡಪಾವತಿಯ ಚೌಕಗಳು ಅಳಿಸುವುದಿಲ್ಲ. ಅವು ತಿಂಗಳಿಗೊಂದರಂತೆ ಹಿಂದೆ ಸರಿಯುತ್ತಾ ಹೋಗಬೇಕು. ಇನ್ನು "ಮೂರು ವರ್ಷ ಆಯ್ತು, ಕೇಸ್ ಬೀಳಲ್ಲ" ಎಂದು ಧೈರ್ಯ ಹೇಳುವವರಿದ್ದಾರೆ. ದಾವೆ ಹೂಡಲು ಕಾಲಮಿತಿ ಇರುವುದು ನಿಜ. ಆದರೆ ಕಾಲಮಿತಿ ಕೋರ್ಟಿಗೆ ಮಾತ್ರ, ಬ್ಯಾಂಕಿನ ಕಡತಕ್ಕಲ್ಲ.

ಐಪಿ ಹಾಕಿದವರಿಗೆ

ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆ "ಅವನು ಐಪಿ ಹಾಕಿದ" ಎಂದರೆ ಕೋರ್ಟಿನಲ್ಲಿ ದಿವಾಳಿ ಅರ್ಜಿ ಕೊಟ್ಟ ಎಂದರ್ಥ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಭಾಗ ಕಂಪನಿ ಸಾಲಕ್ಕೆ ಸ್ವಂತ ಜಾಮೀನು ಕೊಟ್ಟವರಿಗೆ ಮಾತ್ರ 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಸಾಮಾನ್ಯ ಜನರ ಅರ್ಜಿ ಈಗಲೂ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಪ್ರಕಾರವೇ.

ಇವರು ನೆನಪಿಡಬೇಕಾದದ್ದು ಒಂದು. ದಿವಾಳಿ ಎಂದು ಕೋರ್ಟ್ ಘೋಷಿಸುವುದು ಮೊದಲ ಆದೇಶ, ಋಣಮುಕ್ತಿ ಅಂದರೆ ಡಿಸ್ಚಾರ್ಜ್ ಬೇರೆ ಆದೇಶ. ಅದನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು. ಬಹಳ ಜನ ಮೊದಲನೆಯದು ಸಿಕ್ಕ ಕೂಡಲೇ ಕೋರ್ಟ್ ಕಡೆ ತಲೆ ಹಾಕುವುದಿಲ್ಲ. ಆದರೆ ಕಾಯ್ದೆಯ 72ನೇ ಕಲಮಿನ ಪ್ರಕಾರ, ಡಿಸ್ಚಾರ್ಜ್ ಆಗದ ದಿವಾಳಿದಾರ ತನ್ನ ಸ್ಥಿತಿ ಹೇಳದೆ 50 ರೂಪಾಯಿ ಸಾಲ ಪಡೆದರೂ ಅಪರಾಧ. ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. 1920ರಲ್ಲಿ 50 ರೂ. ದೊಡ್ಡ ದುಡ್ಡೇ ಇರಬಹುದು. ಇವತ್ತು ಎರಡು ದೋಸೆ, ಎರಡು ಕಾಫಿಗೂ ಸಾಲದು, ಆದರೂ ಅಂಕಿ ಅದೇ ಇದೆ. ಆದ್ದರಿಂದ ಡಿಸ್ಚಾರ್ಜ್ ಆದೇಶದ ದೃಢೀಕೃತ ಪ್ರತಿ ಕೈಯಲ್ಲಿಲ್ಲದೆ ಯಾವ ಕಾರ್ಡಿಗೂ ಅರ್ಜಿ ಹಾಕಬೇಡಿ. ಪ್ರತಿ ಸಿಕ್ಕ ಮೇಲೆ ಅದನ್ನು ಹಳೇ ಬ್ಯಾಂಕಿಗೆ ಕಳಿಸಿ, ಖಾತೆಯಲ್ಲಿ ಇನ್ನೂ ಬಾಕಿ ತೋರಿಸುತ್ತಿದ್ದರೆ ಸರಿಪಡಿಸಲು ಕೇಳಿ. ಬಾಕಿ ಹೋಗುತ್ತದೆ, ಇತಿಹಾಸ ಉಳಿಯುತ್ತದೆ.

ಕಾಯುವ ಕಾಲದಲ್ಲಿ ಮಾಡುವುದೇನು

2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ರಾಜಿ ಸೆಟಲ್‌ಮೆಂಟ್ ಮಾಡಿಕೊಂಡ ಗ್ರಾಹಕನಿಗೆ ಅದೇ ಬ್ಯಾಂಕು ಹೊಸ ಸಾಲ ಕೊಡಬೇಕಾದರೆ ಕನಿಷ್ಠ 12 ತಿಂಗಳು ಕಳೆಯಬೇಕು. ಬ್ಯಾಂಕಿನ ಆಡಳಿತ ಮಂಡಳಿ ಬೇಕಾದರೆ ಇನ್ನೂ ಹೆಚ್ಚಿಸಬಹುದು. ಕೃಷಿ ಸಾಲಕ್ಕೆ ಮಾತ್ರ ಈ 12 ತಿಂಗಳ ಕಟ್ಟು ಇಲ್ಲ. ನಿಮ್ಮ ಬ್ಯಾಂಕಿನ ಅವಧಿ ಎಷ್ಟೆಂದು ಮೇಲ್‌ನಲ್ಲೇ ಕೇಳಿ, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಮುಂಚೆ ಹಾಕಿದ ಅರ್ಜಿ ಬರೀ ದಂಡ. ಪ್ರತಿ ಅರ್ಜಿಯೂ ವರದಿಯಲ್ಲಿ ಒಂದು ವಿಚಾರಣೆಯಾಗಿ (ಎನ್‌ಕ್ವೈರಿ) ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಆರು ವಿಚಾರಣೆ ಕಂಡರೆ ಯಾವ ಬ್ಯಾಂಕೂ ಹಿಂದೆ ಸರಿಯುತ್ತದೆ.

ಈ ಅವಧಿಯಲ್ಲಿ ಎಫ್‌ಡಿ ಮೇಲಿನ ಕಾರ್ಡ್ ಒಂದು ಮಾಡಿಸಿ. 25,000 ರೂ. ಎಫ್‌ಡಿ ಇಟ್ಟರೆ ಅದಕ್ಕಿಂತ ಸ್ವಲ್ಪ ಕಡಿಮೆ ಮಿತಿಯ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ತಿಂಗಳಿಗೆ ಐದಾರು ಸಾವಿರ ಬಳಸಿ, ಪೂರ್ತಿ ಕಟ್ಟಿ. ಮಿತಿಯ ಮೂರನೇ ಒಂದು ಭಾಗ ದಾಟದಿದ್ದರೆ ಸ್ಕೋರಿಗೆ ಒಳ್ಳೆಯದು. ಪೆಟ್ರೋಲು, ಬೆಸ್ಕಾಂ ಬಿಲ್ಲು, ಅಷ್ಟು ಸಾಕು. ಬ್ಯಾಂಕು ರುಪೇ ಕಾರ್ಡ್ ಕೊಟ್ಟರೆ ಅದನ್ನು ಯುಪಿಐಗೆ ಜೋಡಿಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಬಹುದು.

ಒಂದು ಎಚ್ಚರಿಕೆ. ಹಳೇ ಬ್ಯಾಂಕಿನಲ್ಲಿ ಬಾಕಿ ತೀರುವ ಮುಂಚೆ ಅಲ್ಲೇ ಎಫ್‌ಡಿ ಇಡಬೇಡಿ, ದೊಡ್ಡ ಮೊತ್ತವನ್ನೂ ಬಿಡಬೇಡಿ. ನಿಮ್ಮ ಠೇವಣಿಯನ್ನು ಬಾಕಿಗೆ ಜಮಾ ಮಾಡಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಟೊಮೆಟೊ ಮಾರಿದ ದುಡ್ಡು ಬೆಳಗ್ಗೆ ಬಿದ್ದು ಮಧ್ಯಾಹ್ನದ ಹೊತ್ತಿಗೆ ಕಾರ್ಡ್ ಬಾಕಿಗೆ ಹೋದದ್ದನ್ನು ಕೋಲಾರದ ನನ್ನ ಗ್ರಾಹಕರೊಬ್ಬರು ಅನುಭವಿಸಿದ್ದಾರೆ. ಬಾಕಿ ತೀರಿ, ಎನ್‌ಒಸಿ ಬಂದ ಮೇಲೆ ಮಾತ್ರ ವ್ಯವಹಾರವನ್ನು ಅಲ್ಲಿಗೆ ತಿರುಗಿಸಿ. ಆಗ ಪೂರ್ತಿ ತಿರುಗಿಸಿ: ನೂಲು ಮಾರಿದ ದುಡ್ಡು, ಬಾಡಿಗೆ, ಸಂಬಳ, ಏನೇ ಇರಲಿ, ಒಂದು ವರ್ಷ ಅಲ್ಲೇ ಬೀಳಲಿ. ಐಟಿ ರಿಟರ್ನ್ಸ್ ಪ್ರತಿ ವರ್ಷ ಹಾಕಿ.

ಮತ್ತೆ ಬಾಗಿಲು ತಟ್ಟುವುದು

ನೇರವಾಗಿ ಅರ್ಜಿ ಹಾಕುವ ಮುಂಚೆ ಬ್ಯಾಂಕಿನ ಆ್ಯಪ್ ತೆರೆದು ನೋಡಿ. ಪ್ರೀ-ಅಪ್ರೂವ್ಡ್ ಎಂದು ಕಾರ್ಡೋ ಸಣ್ಣ ಸಾಲವೋ ಕಾಣಿಸಿದರೆ ಒಳಗಿನ ಕಡತದಲ್ಲಿ ನಿಮ್ಮ ಹೆಸರಿನ ಮುಂದಿದ್ದ ಕೆಂಪು ಗುರುತು ಹೋಗಿದೆ ಎನ್ನುವುದಕ್ಕೆ ಅದೇ ಒಳ್ಳೆಯ ಸೂಚನೆ. ಕಾಣಿಸದಿದ್ದರೆ ಶಾಖೆಯ ಮ್ಯಾನೇಜರನ್ನು ಕಂಡು, ಎನ್‌ಒಸಿ ಮತ್ತು ಹೊಸ ವರದಿ ತೋರಿಸಿ, ಎಫ್‌ಡಿ ಮೇಲಿನ ಕಾರ್ಡನ್ನು ಕೇಳಿ. ಬ್ಯಾಂಕಿಗೆ ಅಪಾಯವಿಲ್ಲದ ಕಾರ್ಡ್ ಅದು. ಹೀಗೆ ಒಳಗೆ ಬಂದವರಿಗೆ ಒಂದೆರಡು ವರ್ಷದಲ್ಲಿ ಎಫ್‌ಡಿ ಇಲ್ಲದ ಕಾರ್ಡ್ ತಾನಾಗಿ ಬರುವುದುಂಟು. ಮುಂಬಾಗಿಲಿಗಿಂತ ಹಿತ್ತಲ ಬಾಗಿಲು ಬೇಗ ತೆರೆಯುತ್ತದೆ.

ಅರ್ಜಿ ತಿರಸ್ಕಾರವಾದರೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನ ಹೇಳುತ್ತದೆ. "ಆಂತರಿಕ ನೀತಿ" ಎಂದಷ್ಟೇ ಬರೆದು ಕಳಿಸಿದರೆ ಬಿಡಬೇಡಿ, ಯಾವ ನೀತಿ ಎಂದು ಕೇಳಿ. ಆ ಕಾರಣವೇ ನಿಮ್ಮ ಮುಂದಿನ ಆರು ತಿಂಗಳ ಕೆಲಸ. ಆರು ತಿಂಗಳು ಕಳೆಯದೆ ಮತ್ತೆ ಹಾಕಬೇಡಿ. ಹಳೇ ಕಾರ್ಡಿನ ವಿಷಯ ಕೇಳಿದರೆ ಮುಚ್ಚಿಡಬೇಡಿ, ಅವರ ಮುಂದಿರುವ ಕಂಪ್ಯೂಟರಿನಲ್ಲಿ ಅದು ಇದ್ದೇ ಇರುತ್ತದೆ.

ರೀಲರ್ 45,000 ಕಟ್ಟಿದ ಎರಡನೇ ತಿಂಗಳು ಅವರ ವರದಿಯಲ್ಲಿ "ಕ್ಲೋಸ್ಡ್" ಬಂತು. ಅದೇ ಬ್ಯಾಂಕಿನಲ್ಲಿ 30,000 ಎಫ್‌ಡಿ ಇಟ್ಟರು. ಕಾರ್ಡ್ ಪೋಸ್ಟಿನಲ್ಲಿ ಬಂದ ದಿನ ಲಕೋಟೆ ಒಡೆಯದೆ ನನ್ನ ಹತ್ತಿರ ತಂದರು. ಟೇಬಲ್ ಮೇಲಿಟ್ಟು ಮೂರು ಕೆಲಸ ಮಾಡಿದೆವು. ಆಟೋ ಡೆಬಿಟ್‌ನಲ್ಲಿ "ಮಿನಿಮಮ್ ಡ್ಯೂ" ಎಂದು ಟಿಕ್ ಆಗಿದ್ದನ್ನು ತೆಗೆದು "ಟೋಟಲ್ ಡ್ಯೂ" ಮಾಡಿದೆವು. ಬಿಲ್ಲಿನ ದಿನಾಂಕವನ್ನು ನೂಲಿನ ದುಡ್ಡು ಬರುವ ವಾರಕ್ಕೆ ಹೊಂದಿಸಲು ಕಸ್ಟಮರ್ ಕೇರ್‌ಗೆ ಹೇಳಿದೆವು. ಮೂರನೆಯದಾಗಿ ಆ್ಯಪ್‌ನಲ್ಲಿ ಎಟಿಎಂನಿಂದ ಕ್ಯಾಶ್ ತೆಗೆಯುವ ಗುಂಡಿಯನ್ನು ಆಫ್ ಮಾಡಿದೆ.

"ಅಂಗಡೀಲಿ ಉಜ್ಜೋದನ್ನ ಆಫ್ ಮಾಡೋ ಗುಂಡಿ ಇಲ್ವಾ ಸಾರ್?" ಎಂದು ಅವರೇ ನಕ್ಕರು. ಅದೂ ಇದೆ, ಆದರೆ ಪೆಟ್ರೋಲ್ ಬಂಕಿನಲ್ಲಿ ಬೇಕಾಗುತ್ತದೆ. ಅದನ್ನು ಆನ್ ಇಟ್ಟು, ಒಂದು ಸಲಕ್ಕೆ 2,000 ರೂ. ದಾಟದಂತೆ ಮಿತಿ ಹಾಕಿಕೊಟ್ಟೆ.